ದಲಾಲಿ ಎಷ್ಟ್ರಿ?

ನಮ್ಮ ಶಾಲೆಯ ಗಣಿತದ ಟೀಚರ್ ಗಂಗಾವತಿಯ ಭತ್ತದ ದಲಾಲರೊಬ್ಬರ ಮಗಳು. ತಮ್ಮನಿಗೆ ಹೆಣ್ಣು ತೋರಿಸಲು ಬಂದವನನ್ನೂ "ನಿಮ್ಮ ದಲಾಲಿ ಎಷ್ಟ್ರಿ?" ಎಂದೇ ಕೇಳಿದವರು. ಷೇರು ಬ್ರೋಕರನ ಏಜೆಂಟ್ ಪೇಢೆ ಡಬ್ಬಿ ಹಿಡಿದು ಸ್ಟಾಫ್‌ರೂಮಿಗೆ ಬಂದಾಗ ನಾನು ಪೇಢೆ ತಿಂದು ಖಾತೆಯ ಫಾರ್ಮಿಗೆ ಸಹಿ ಹಾಕಿದೆ. ಟೀಚರ್ ಮಾತ್ರ ಕನ್ನಡಕವನ್ನು ಹಣೆಗೇರಿಸಿ, "ಮ್ಯೂಚುವಲ್ ಫಂಡ್ ತಗೊಂಡು ಸುಮ್ನ ಇಟ್ಟರೂ ವರ್ಷಾ ವರ್ಷಾ ರೊಕ್ಕ ಮುರಕೋತೀರೇನ್ರಿ?" ಎಂದರು. ಅವನು "ಸ್ವಲ್ಪೇ ರೀ" ಎನ್ನುತ್ತ ಪೇಢೆ ಡಬ್ಬಿ ಮುಂದೆ ಚಾಚಿದ. ಟೀಚರ್, ಫಂಡ್ ಸುಮ್ಮನೆ ಇಟ್ಟಿದ್ದಕ್ಕೆ ಏನೂ ಮುರಿದುಕೊಳ್ಳದ ಬೇರೆ ಬ್ರೋಕರನನ್ನು ಹುಡುಕಿಕೊಂಡರು.

ಅಂದಿನಿಂದ ನನಗೆ ಹೊಟ್ಟೆಕಿಚ್ಚು. ಮೊನ್ನೆ ತಡೆಯಲಾರದೆ ಕೇಳಿದೆ: "ನಿಮ್ಮ ಫಂಡಿನ ರೊಕ್ಕ ಈಗ ಎಷ್ಟಾಗೇತ್ರಿ?"

"ಯಾರ್ ನೋಡ್ಯಾರ್ರಿ!" ಎನ್ನುತ್ತ ಸುಲಿದ ಶೇಂಗಾ ನನ್ನ ಕಡೆ ಸರಿಸಿದರು.

ದಿನವೂ ಕದ್ದು ಕದ್ದು ಮೊಬೈಲಿನಲ್ಲಿ ನನ್ನ ಫಂಡಿನ ಲೆಕ್ಕ ನೋಡಿಕೊಳ್ಳುವ ನಾನು, ಮೊಬೈಲನ್ನು ಮೆಲ್ಲಗೆ ಚೀಲದೊಳಗೆ ತುರುಕಿ ಶೇಂಗಾಕ್ಕೆ ಕೈ ಹಾಕಿದೆ.