ಕೆಳಗಿನ ಸ್ಥಾಯಿ

ನನ್ನ ತಂಗಿಯ ಮೇಲೆ ನನಗೆ ಹೊಟ್ಟೆಕಿಚ್ಚು. ಅದನ್ನು ಮುಚ್ಚಿಡುವ ವಯಸ್ಸು ದಾಟಿದೆ. ಅವಳು ಪಿಟೀಲು ಕಛೇರಿ ಮಾಡಿಕೊಂಡು ದೇಶ ಸುತ್ತುತ್ತಾಳೆ. ನಾನು ಪಾಂಡವಪುರದ ಮನೆಯಲ್ಲಿ ಚಾಪೆ ಹಾಸಿ ಮಕ್ಕಳಿಗೆ ಸರಳೆ ವರಸೆ ಹೇಳಿಕೊಡುತ್ತೇನೆ. ತರಕಾರಿ ಅಂಗಡಿಯವಳಿಗೂ ನಾನು 'ಅವರ ಅಕ್ಕ'. ಅವಳು ಬಂದಾಗಲೆಲ್ಲ ತನಗೆ ಸನ್ಮಾನದಲ್ಲಿ ಬಂದ ಶಾಲುಗಳನ್ನು ನಾಲ್ಕಾರು ತಂದುಕೊಡುತ್ತಾಳೆ. ನನ್ನ ಬೀರುವಿನಲ್ಲಿ ನನಗೇ ಹೊದಿಸಿದ ಶಾಲು ಎರಡು, ಅವಳಿಗೆ ಹೊದಿಸಿ ನನ್ನ ಕಡೆಗೆ ದಾಟಿದವು ಎರಡು ಖಾನೆ ತುಂಬ. ಬೇಡ ಅನ್ನೋಣವೆಂದರೆ ಚಳಿಗಾಲದಲ್ಲಿ ಬೆಚ್ಚಗಿರುತ್ತವೆ.

ನಮ್ಮಪ್ಪ ಕೆ.ಆರ್. ಪೇಟೆಯಲ್ಲಿ ಅಕ್ಕಸಾಲಿಯಾಗಿದ್ದರು. ಹಗಲೆಲ್ಲ ಬೆಂಕಿಯ ಮುಂದೆ ಕೂತು, ಸಂಜೆ ಅಂಗಡಿಯ ಬಾಗಿಲೆಳೆದು, ಕೈ ತೊಳೆದು ಪಿಟೀಲು ಹಿಡಿಯುತ್ತಿದ್ದರು. ನಮ್ಮಿಬ್ಬರಿಗೂ ಅವರೇ ಗುರು. ಮಕ್ಕಳನ್ನು ಜೋಡಿಯಾಗಿ ತಯಾರು ಮಾಡಬೇಕೆಂಬ ಹಟ ಅವರಿಗೆ. ಜೋಡಿ ಪಿಟೀಲಿನಲ್ಲಿ ಒಂದು ಕ್ರಮವಿದೆ. ಒಂದೇ ಕೀರ್ತನೆಯನ್ನು ಒಬ್ಬರು ಮೇಲಿನ ಸ್ಥಾಯಿಯಲ್ಲಿ ನುಡಿಸಿದರೆ ಇನ್ನೊಬ್ಬರು ಕೆಳಗಿನ ಸ್ಥಾಯಿಯಲ್ಲಿ ನುಡಿಸುತ್ತಾರೆ. ಮೇಲಿನದು ಎಲ್ಲರ ಕಿವಿಗೂ ಬೀಳುತ್ತದೆ. ಕೆಳಗಿನದು ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

"ನೀನು ದೊಡ್ಡೋಳು ಕಣವ್ವ, ಕೆಳಗ್ನಿಂದ ಇಡ್ಕೊ. ಅವ್ಳು ಮೇಲೆ ಎಗರಾಡ್ಕಂಡಿರ್ಲಿ ಬುಡು," ಎಂದರು ಅಪ್ಪ. ನನಗಾಗ ಹನ್ನೊಂದು, ಅವಳಿಗೆ ಎಂಟು. ಆ ಏರ್ಪಾಡನ್ನು ಆಮೇಲೆ ಯಾರೂ ಬದಲಿಸಲಿಲ್ಲ.

ಅವಳ ದಾರಿ ತೆರೆದದ್ದು ಮೇಲುಕೋಟೆಯಲ್ಲಿ. ಅಲ್ಲಿ ಹಾಡಲು ಬಂದಿದ್ದ ಹಿರಿಯ ಗಾಯಕರೊಬ್ಬರ ಪಿಟೀಲಿನವರು ಜ್ವರ ಬಂದು ಮಲಗಿಬಿಟ್ಟರು. ಮಕ್ಕಳಲ್ಲಿ ಒಬ್ಬರನ್ನು ಕಳಿಸಿ ಎಂದು ಅಪ್ಪನಿಗೆ ಹೇಳಿಕಳಿಸಿದರು. ಮಾರನೆಯ ದಿನ ನನಗೆ ಪಿಯುಸಿ ಲೆಕ್ಕದ ಪರೀಕ್ಷೆ. ಹಾಗಾಗಿ ತಂಗಿ ಹೋದಳು. ಗಾಯಕರು ಆಲಾಪನೆಯ ನಡುವೆ ಬಿಟ್ಟುಕೊಟ್ಟ ಜಾಗದಲ್ಲಿ ಐದು ನಿಮಿಷ ಕಲ್ಯಾಣಿ ನುಡಿಸಿದಳಂತೆ, ಅವರು ತೊಡೆ ತಟ್ಟಿ ಭಲೇ ಎಂದರಂತೆ. ಮುಂದಿನ ತಿಂಗಳೇ ಮೈಸೂರಿನ ಕಛೇರಿಗೆ ಕರೆಸಿಕೊಂಡರು. ನಾನು ಲೆಕ್ಕದಲ್ಲಿ ಪಾಸಾದೆ. ಅದು ಇವತ್ತಿನವರೆಗೂ ನನ್ನ ಯಾವ ಕೆಲಸಕ್ಕೂ ಬಂದಿಲ್ಲ.

ಈಗಲೂ ವರ್ಷಕ್ಕೆ ಒಂದೆರಡು ಸಲ ನಮ್ಮ ಸುತ್ತಿನ ಊರುಗಳಲ್ಲಿ ಅವಳು ನನ್ನನ್ನು ಜೋಡಿ ಕಛೇರಿಗೆ ಕೂರಿಸಿಕೊಳ್ಳುತ್ತಾಳೆ. ಆ 'ಕೂರಿಸಿಕೊಳ್ಳುತ್ತಾಳೆ' ಎಂಬ ಮಾತೇ ನನಗೆ ಉರಿ. ಹೋದ ವರ್ಷ ಶ್ರೀರಂಗಪಟ್ಟಣದಲ್ಲಿ ನುಡಿಸಿದೆವು. ಪತ್ರಿಕೆಯಲ್ಲಿ ಬಂದ ಫೋಟೋದಲ್ಲಿ ಅವಳು ಪೂರ್ತಿ ಇದ್ದಳು, ನನ್ನದು ಕಮಾನು ಹಿಡಿದ ಮುಂಗೈ ಮಾತ್ರ. ಬಳೆ ನೋಡಿ ನನ್ನ ಕೈ ಎಂದು ಗುರುತು ಹಿಡಿದೆ. ಅವತ್ತೇ ನಿರ್ಧಾರ ಮಾಡಿದೆ. ಒಂದೇ ಒಂದು ಸಲ ನಾನು ಮೇಲೆ ನುಡಿಸಬೇಕು, ಜನ ನನಗೆ ತಲೆದೂಗುವುದನ್ನು ಕಣ್ಣಾರೆ ನೋಡಬೇಕು.

ಸಮಯ ಬಂದದ್ದು ನಾಗಮಂಗಲದಲ್ಲಿ, ಒಂದು ಭಾನುವಾರದ ಬೆಳಿಗ್ಗೆ. ಒಂದು ತಿಂಗಳು ಕದ ಹಾಕಿಕೊಂಡು ಸಾಧನೆ ಮಾಡಿದ್ದೆ. ತಂಗಿಗೆ ಒಂದು ಮಾತೂ ಹೇಳಿರಲಿಲ್ಲ. ಹೇಳಿದ್ದರೆ ಖಂಡಿತ ಒಪ್ಪುತ್ತಿದ್ದಳು, ನನಗೆ ಅವಳ ಒಪ್ಪಿಗೆಯೇ ಬೇಡವಾಗಿತ್ತು. ಖರಹರಪ್ರಿಯದ ದೊಡ್ಡ ಕೀರ್ತನೆಯಲ್ಲಿ ಪಲ್ಲವಿ ಮುಗಿಯಿತು. ಅನುಪಲ್ಲವಿಗೆ ಬಂದದ್ದೇ ಕೈ ಮೇಲಕ್ಕೆ ಜಾರಿಸಿ ಅವಳ ಸ್ಥಾಯಿಯಲ್ಲೇ ಹಿಡಿದೆ.

ತಾಳದ ಒಂದು ಆವರ್ತನ ಇಬ್ಬರೂ ಮೇಲೆಯೇ ಇದ್ದೆವು. ಇಬ್ಬರು ನುಡಿಸುತ್ತಿದ್ದರೂ ನಾದ ಒಬ್ಬರದಕ್ಕಿಂತ ತೆಳ್ಳಗಾಯಿತು. ಮೃದಂಗದವರು ತಲೆಯೆತ್ತಿ ನನ್ನನ್ನು ನೋಡಿದರು. ತಂಗಿ ನೋಡಲೇ ಇಲ್ಲ. ಮುಂದಿನ ಆವರ್ತನ ಶುರುವಾಗುವಷ್ಟರಲ್ಲಿ, ಮೊದಲೇ ಮಾತಾಡಿಕೊಂಡವಳ ಹಾಗೆ, ನನ್ನ ಜಾಗಕ್ಕೆ ಇಳಿದುಬಿಟ್ಟಿದ್ದಳು.

ನಾನು ಮೇಲೆ ಉಳಿದೆ. ಅಷ್ಟು ದಿನ ಆಸೆಪಟ್ಟ ಜಾಗದಲ್ಲಿ ನನಗೆ ಬೆವರು ಕಿತ್ತುಕೊಂಡು ಬಂತು. ಮನೆಯಲ್ಲಿ ಸಲೀಸಾಗಿ ಬರುತ್ತಿದ್ದ ಮೇಲಿನ ಷಡ್ಜದಲ್ಲಿ ಬೆರಳು ಮತ್ತೆ ಮತ್ತೆ ಕೂದಲೆಳೆಯಷ್ಟು ಆಚೀಚೆಯಾಯಿತು. ಹಾಗಾದಾಗಲೆಲ್ಲ ಕೆಳಗಿನಿಂದ ಅವಳು ಆ ಸ್ವರವನ್ನೇ ಗಟ್ಟಿಯಾಗಿ ಹಿಡಿದು ನನ್ನ ತಪ್ಪನ್ನು ಮುಚ್ಚುತ್ತಿದ್ದಳು. ಆ ಕೆಲಸ ನನಗೆ ಗೊತ್ತಿತ್ತು. ಅವಳ ಚಿಕ್ಕ ವಯಸ್ಸಿನ ಎಷ್ಟೋ ತಪ್ಪುಗಳನ್ನು ನಾನೂ ಹಾಗೇ ಮುಚ್ಚಿದ್ದೆ.

ಕಛೇರಿ ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಯಜಮಾನರೊಬ್ಬರು ಕೋಲೂರಿಕೊಂಡು ವೇದಿಕೆಯ ಹತ್ತಿರ ಬಂದರು. ನಾನು ಸೆರಗು ಸರಿಮಾಡಿಕೊಂಡು ಎದ್ದು ನಿಂತೆ. ಅವರು ನನ್ನನ್ನು ದಾಟಿ ತಂಗಿಯ ಮುಂದೆ ನಿಂತರು.

"ಮೇಲೆ ಯಾರ್ ಬೇಕಾದ್ರೂ ನುಡುಸ್ತಾರೆ ಕಣವ್ವ. ಕೆಳಗ್ನಿಂದ ಇಂಗೆ ಇಡ್ಕಳೋರ್ನ ನಾನ್ ಕೇಳೇ ಇರ್ನಿಲ್ಲ," ಎಂದು ಕೈಮುಗಿದರು.

ಆ ಯಜಮಾನರು ನಮ್ಮ ಜೋಡಿಯನ್ನು ಕಡಿಮೆಯೆಂದರೂ ಹತ್ತು ಸಲ ಕೇಳಿದ್ದಾರೆ, ಪ್ರತಿ ಸಲವೂ ಮುಂದಿನ ಸಾಲಿನಲ್ಲೇ ಕೂತು. ಕೆಳಗೆ ನುಡಿಸುತ್ತಿದ್ದದ್ದು ನಾನು. ಅವರ ಕೋಲು ಕಿತ್ತುಕೊಳ್ಳಬೇಕೆನ್ನಿಸಿತು. ತಂಗಿ ಅದೆಲ್ಲ ಅಕ್ಕನಿಂದ ಕಲಿತದ್ದು ಎಂದು ನನ್ನ ಕಡೆ ಕೈ ತೋರಿಸಿದಳು. ಅವರು ಅದನ್ನು ಅವಳ ದೊಡ್ಡ ಗುಣ ಎಂದುಕೊಂಡು ಇನ್ನೊಮ್ಮೆ ಕೈಮುಗಿದು ಹೋದರು.

ವಾಪಸು ಬರುವಾಗ ಕಾರಿನಲ್ಲಿ ತಂಗಿಯ ಪಕ್ಕದಲ್ಲೇ ಕೂತೆ. ನನ್ನನ್ನು ಬೈಯಲಿ, ಸಭೆಯ ನಡುವೆ ಇಂಥ ಕೆಲಸ ಯಾಕೆ ಮಾಡಿದೆ ಎಂದು ಕೇಳಲಿ ಎಂದು ಕಾದೆ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ಚಪ್ಪಲಿ ಬಿಟ್ಟು ಕಾಲು ಮಡಿಸಿಕೊಂಡು ಕೂತಿದ್ದಳು. ಜಕ್ಕನಹಳ್ಳಿ ದಾಟಿದ ಮೇಲೆ ಮೆಲ್ಲಗೆ ಬಾಯಿಬಿಟ್ಟಳು.

"ಅಕ್ಕ, ಮೇಲೆ ನುಡ್ಸುವಾಗ ನಂಗೆ ಯಾವಾಗ್ಲೂ ಎದೆ ಡವಡವ ಅಂತದೆ. ಇವತ್ತು ಕೆಳಗೆ ಎಷ್ಟು ನೆಮ್ದಿಯಾಗಿತ್ತು ಅಂತೀಯ. ಇನ್ಮೇಲೆ ಅದ್ನ ನಂಗೇ ಕೊಟ್ಬುಡು."

ಅವಳು ಹುಟ್ಟಿದಾಗಿನಿಂದ ಅವಳ ಬಳಿ ಇದ್ದದ್ದನ್ನೆಲ್ಲ ನೋಡಿ ಕರುಬಿದವಳು ನಾನು. ನನ್ನದೊಂದನ್ನು ಅವಳು ಕೇಳಿದ್ದು ಇದೇ ಮೊದಲು.

"ಕೊಡಕ್ಕಿಲ್ಲ ಕಣೇ," ಎಂದೆ.

ತಮಾಷೆ ಎಂದುಕೊಂಡು ನಕ್ಕಳು. ನಾನು ನಗಲಿಲ್ಲ.