ಗಾಡಿ ಓಡುತ್ತಾ ಸಾರ್?

ಈಚೆಗೆ ಹದಿನೈದು ದಿನ ನಾನು ಬಹಳ ಬೇಕಾದ ಮನುಷ್ಯನಾಗಿದ್ದೆ. ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಫೋನು ಬಡಿದುಕೊಳ್ಳುತ್ತಿತ್ತು. ಸ್ನಾನಕ್ಕೆ ಹೋದರೆ ಎರಡು ಕರೆ, ಊಟಕ್ಕೆ ಕೂತರೆ ಮೂರು. ಹೆಂಡತಿ ಜಯ ತೀರಿಕೊಂಡು ಎರಡು ವರ್ಷವಾಯಿತು. ಅಂದಿನಿಂದ ಶಂಕರಪುರದ ನಮ್ಮ ಮನೆಗೆ ಫೋನು ಬರುವುದೆಂದರೆ, ಸಾಲ ಬೇಕೇ ಎಂದು ಕೇಳುವ ಹೆಣ್ಣುಮಕ್ಕಳದು ಮಾತ್ರ. ಅವರೂ ನನಗೆ ಎಪ್ಪತ್ತೊಂದು ಎಂದು ತಿಳಿದ ಕೂಡಲೇ ಇಟ್ಟುಬಿಡುತ್ತಾರೆ.

ನನ್ನ ಈ ದಿಢೀರ್ ಬೇಡಿಕೆಗೆ ಕಾರಣ ಒಂದು ಹಳೆಯ ಕಾರು, ಹೊಲ ಉಳುವ ಒಂದು ಪವರ್ ಟಿಲ್ಲರು, ಮೇವು ಕತ್ತರಿಸುವ ಒಂದು ಯಂತ್ರ. ಮೂರೂ ಜಯಳವು. ಮಾಗಡಿ ಕಡೆ ಅವಳ ಅಪ್ಪ ಕೊಟ್ಟ ಮೂರು ಎಕರೆಯಿತ್ತು. ಸ್ಟಿಯರಿಂಗ್ ಪಕ್ಕದಲ್ಲೇ ಗೇರಿರುವ ಕೆನೆಬಣ್ಣದ ಆ ಕಾರಿನಲ್ಲಿ ವಾರಕ್ಕೆರಡು ಸಲ ಅವಳು ತೋಟಕ್ಕೆ ಹೋಗಿ, ಸೀರೆಯ ಅಂಚಿಗೆಲ್ಲ ಕೆಮ್ಮಣ್ಣು ಮೆತ್ತಿಕೊಂಡು ಬರುತ್ತಿದ್ದಳು. ಕಾಯಿಲೆ ಬಂದಾಗ ಜಮೀನು ಮಾರಿದೆವು, ಯಂತ್ರಗಳು ಬಂದು ಕಾರಿನ ಪಕ್ಕ ಶೆಡ್ಡಿನಲ್ಲಿ ಕೂತವು. "ಎಲ್ಲಾ ಶೈಲಾಗೆ ಕೊಟ್ಬಿಡಿ ರೀ. ನಿಮ್ ಹತ್ರ ಇದ್ರೆ ತುಕ್ಕು ಹಿಡಿಯುತ್ತೆ ಅಷ್ಟೇ" ಎಂದಿದ್ದಳು. ಶೈಲಾ ಅವಳ ತಂಗಿಯ ಮಗಳು, ಬೀದರ್ ಕಡೆ ಸ್ವಂತ ಬೇಸಾಯ ಮಾಡುತ್ತಾಳೆ.

ಇಲ್ಲೊಂದು ತಪ್ಪೊಪ್ಪಿಗೆ. ನನಗೆ ಕಾರು ಓಡಿಸಲು ಬರುವುದಿಲ್ಲ. ಮದುವೆಯಾದ ಹೊಸತರಲ್ಲಿ ಚಾಮರಾಜಪೇಟೆಯ ಮೈದಾನದಲ್ಲಿ ಜಯ ಕಲಿಸಲು ನೋಡಿದಳು. ಅಷ್ಟು ದೊಡ್ಡ ಬಯಲಿನಲ್ಲಿ ಇದ್ದದ್ದು ಒಂದೇ ಒಂದು ಕಂಬ. ಅದನ್ನು ಹುಡುಕಿಕೊಂಡು ಹೋಗಿ ಗುದ್ದಿದೆ. ಮರುದಿನದಿಂದ ನನಗೆ ಎರಡು ಕೆಲಸ ನಿಗದಿಯಾದವು. ಅವಳು ಕಾರನ್ನು ಹಿಂದಕ್ಕೆ ತೆಗೆಯುವಾಗ ಬೆನ್ನ ಹಿಂದೆ ನಿಂತು "ಬರ್ಲಿ, ಬರ್ಲಿ, ಸಾಕು" ಎನ್ನುವುದು ಒಂದು. ಅವಳು ಸಂಜೆ ಬಂದು ಎರಡು ಸಲ ಹಾರ್ನ್ ಹೊಡೆದಾಗ ಓದುತ್ತಿದ್ದುದನ್ನು ಬಿಟ್ಟೋಡಿ ಗೇಟು ತೆಗೆಯುವುದು ಇನ್ನೊಂದು. ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿದ್ದು ಹೊಟ್ಟೆಪಾಡಿಗೆ. ನಲವತ್ತು ವರ್ಷ ನಾನು ನಿಷ್ಠೆಯಿಂದ ಮಾಡಿದ ಉದ್ಯೋಗ ಗೇಟಿನದು.

ಬೀದರಿಗೆ ಸಾಮಾನು ಸಾಗಿಸುವುದು ಹೇಗೆಂದು ತಿಳಿಯದೆ, ಫೋನಿನಲ್ಲಿ ಯಾವುದೋ ಒಂದು ಅರ್ಜಿ ತುಂಬಿದೆ. ಒಂದು ಕಡೆ ತುಂಬಿದ್ದು ಊರಿಗೆಲ್ಲ ಹಂಚಿಹೋಯಿತು ಎಂದು ಕಾಣುತ್ತದೆ. ಲಾರಿ ಏಜೆಂಟರ ಕರೆಗಳು ಒಂದರ ಬಾಲ ಹಿಡಿದು ಇನ್ನೊಂದು ಬಂದವು. ಎಲ್ಲರದ್ದೂ ಮೊದಲ ಪ್ರಶ್ನೆ ಒಂದೇ: "ಗಾಡಿ ಓಡುತ್ತಾ ಸಾರ್?" ಓಡುವ ಗಾಡಿಯಾದರೆ ತಾನೇ ಲಾರಿ ಹತ್ತುತ್ತದೆ, ಇಲ್ಲದಿದ್ದರೆ ಹಗ್ಗ ಕಟ್ಟಿ ಎಳೆಯಬೇಕು, ಅವರ ಲೆಕ್ಕ ಅದು. ನಾನು ಪ್ರತಿಯೊಬ್ಬರಿಗೂ ಪ್ರಾಮಾಣಿಕವಾಗಿ ಹೇಳಿದೆ, "ಓಡುತ್ತಪ್ಪ. ಓಡಿಸೋರು ಇಲ್ಲ." ಅದಕ್ಕೂ ಎಲ್ಲರದ್ದೂ ಒಂದೇ ಉತ್ತರ: "ಸರಿ ಬಿಡಿ ಸಾರ್, ಅದು ನಾವ್ ನೋಡ್ಕೋತೀವಿ."

ನೋಡಿಕೊಳ್ಳುತ್ತೇವೆ ಎಂದು ನನಗೆ ಯಾರಾದರೂ ಹೇಳಿ ಎಷ್ಟು ದಿನವಾಗಿತ್ತು! ನಾನು ಮಾತು ಬೆಳೆಸತೊಡಗಿದೆ. ಲಾರಿಯಲ್ಲಿ ಕಾರಿನ ಮುಖ ಯಾವ ಕಡೆಗಿರುತ್ತದೆ, ಮಳೆ ಬಂದರೆ ಏನು ಹೊದಿಸುತ್ತೀರಿ, ಡ್ರೈವರು ಊಟಕ್ಕೆ ಎಲ್ಲಿ ನಿಲ್ಲಿಸುತ್ತಾನೆ ಎಂದೆಲ್ಲ ಕೇಳಿದೆ. ಒಬ್ಬ ಏಜೆಂಟ್ ಮಗಳ ಪರೀಕ್ಷೆಯ ವಿಷಯ ಹೇಳಿಕೊಂಡ. ಮರುದಿನ ನಾನೇ ಫೋನು ಮಾಡಿ, ಪರೀಕ್ಷೆ ಹೇಗಾಯಿತೆಂದು ವಿಚಾರಿಸಿದೆ. ದಿನ ಗೊತ್ತುಮಾಡಿ ಎಂದರೆ ಮಾತ್ರ ನನ್ನಲ್ಲಿ ಸಬೂಬುಗಳಿಗೆ ಬರವಿರಲಿಲ್ಲ. ಅಮಾವಾಸ್ಯೆ ಕಳೆಯಲಿ. ಮಂಗಳವಾರ ಬೇಡ. ಎದುರುಮನೆಯವರ ಮದುವೆ ಚಪ್ಪರ ಬಿಚ್ಚಲಿ. ಪಂಚಾಂಗವನ್ನು ಜನ್ಮದಲ್ಲಿ ನಂಬದ ನಾನು ಅದನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದೆ.

ಕಾರನ್ನು ಲಾರಿಯ ಮೇಲೇರಿಸುವುದು ಮೊದಮೊದಲು ನನಗೆ ತಮಾಷೆಯಾಗಿ ಕಂಡಿತ್ತು. ಆದರೆ ಯೋಚಿಸಿದರೆ ನಮ್ಮಲ್ಲಿ ಇದು ಹೊಸದೇನಲ್ಲ. ಗವಿಪುರದಂಥ ಕಡೆ ಉತ್ಸವದಲ್ಲಿ ನೋಡಿ. ದೇವರು ಮರದ ಬಸವನ ಮೇಲೆ ಕೂತಿರುತ್ತಾನೆ, ಬಸವ ದೇವರ ವಾಹನ. ಆ ವಾಹನವನ್ನು ಹೊತ್ತವರು ಯಾರು? ಭುಜ ಕೆಂಪಾದ ಎಂಟು ಜನ ಭಕ್ತರು. ನಮ್ಮನ್ನು ಹೊತ್ತದ್ದನ್ನು ಒಂದು ದಿನ ನಾವು ಹೊರಬೇಕಾಗುತ್ತದೆ. ಈ ತತ್ವವನ್ನು ಫೋನಿನಲ್ಲಿ ಮುನಿರಾಜುಗೂ ವಿವರಿಸಿದೆ. ಮುನಿರಾಜು ಚಾಮರಾಜಪೇಟೆಯ ಏಜೆಂಟ್, ಎಲ್ಲರಿಗಿಂತ ತಾಳ್ಮೆಯವನು. ಪೂರ್ತಿ ಕೇಳಿಸಿಕೊಂಡು, "ಸಾರ್, ಒಂದ್ ಮಾತ್ ಹೇಳ್ಲಾ? ಬೇಜಾರ್ ಮಾಡ್ಕೋಬೇಡಿ. ನಿಮ್ಗೆ ಕಳ್ಸೋಕೆ ಮನಸ್ಸಿಲ್ಲ" ಎಂದ.

ಅಂದೇ ಸಂಜೆ ಶೈಲಾ ಫೋನು ಮಾಡಿದಳು. "ದೊಡ್ಡಪ್ಪ, ಇಲ್ಲಿ ಮಳೆ ಬಿದ್ದಿದೆ. ಬಾಡಿಗೆ ಟಿಲ್ಲರ್ ಸಿಗ್ತಿಲ್ಲ, ನನ್ನ ಸರದಿ ಬರೋಷ್ಟ್ರಲ್ಲಿ ಮಣ್ಣಿನ ಹದ ಹೋಗುತ್ತೆ. ಕಾರು ಬೇಕಾದ್ರೆ ನೀವೇ ಇಟ್ಕೊಳ್ಳಿ, ಟಿಲ್ಲರ್ ಮಾತ್ರ ಕಳಿಸಿಬಿಡಿ." ನನಗೆ ತುಂಬ ನಾಚಿಕೆಯಾಯಿತು. ನಾಲ್ಕು ಜನರ ದನಿ ಕೇಳುವ ಆಸೆಗೆ ನಾನು ಅವಳ ಬಿತ್ತನೆಯನ್ನೇ ತಡೆದು ಕೂತಿದ್ದೆ.

ಟಿಲ್ಲರ್ ಸರಿ, ಕಾರು? ಇಟ್ಟುಕೊಳ್ಳಿ ಎಂದು ಅವಳೇ ಹೇಳಿದಳಲ್ಲ ಎಂದು ಆಸೆಯಾಯಿತು. ಶೆಡ್ಡಿಗೆ ಹೋಗಿ ಕಾರಿನಲ್ಲಿ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಗಮನಿಸಿದೆ, ನಾನು ಕೂತದ್ದು ಎಡಗಡೆಯ ಸೀಟಿನಲ್ಲಿ. ಒಬ್ಬನೇ ಇರುವಾಗಲೂ ನಾನು ಎಡಗಡೆಯವನೇ. ಬಲಗಡೆ ಜಯ ಬೆನ್ನಿಗಿಟ್ಟುಕೊಳ್ಳುತ್ತಿದ್ದ ಸಣ್ಣ ದಿಂಬು ಹಾಗೇ ಇತ್ತು. ಅಳು ಬಂತು, ಅತ್ತೆ. ಕಾರನ್ನು ಇಟ್ಟುಕೊಂಡರೆ ದಿನಾ ಬಂದು ಹೀಗೆ ಪಕ್ಕದ ಸೀಟು ನೋಡುತ್ತ ಕೂರುವುದೇ ನನ್ನ ಕೆಲಸವಾಗುತ್ತದೆ ಎಂದು ತಿಳಿಯಿತು. ಒಳಗೆ ಬಂದು ಮುನಿರಾಜುಗೆ ನಾಳೆಯೇ ಬಾ ಎಂದೆ. ದಿಂಬನ್ನು ಮಾತ್ರ ತೆಗೆದುಕೊಂಡೆ.

ಬೆಳಗಾಗುತ್ತಿದ್ದಂತೆ ಲಾರಿ ಬಂತು. ಯಂತ್ರಗಳು ಮೊದಲು ಏರಿದವು. ಮುನಿರಾಜು ಹೊಸ ಬ್ಯಾಟರಿ ಹಾಕಿ, ಕಾರಿನ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಕೀ ತಿರುಗಿಸಿದ. ನಾಲ್ಕನೇ ಸಲಕ್ಕೆ ಇಂಜಿನ್ ಹಿಡಿಯಿತು. "ಹಿಂದೆ ನೋಡಿ ಹೇಳಿ ಸಾರ್" ಎಂದ. ನಾನು ಗೇಟಿನ ಹತ್ತಿರ ನಿಂತು "ಬರ್ಲಿ, ಬರ್ಲಿ" ಎಂದೆ. ಕಾರು ಶೆಡ್ಡಿನಿಂದ ಹೊರಬಂತು, ಗೇಟು ದಾಟಿತು, ರಸ್ತೆಗಿಳಿಯಿತು. ನಾನು ಬರ್ಲಿ ಎನ್ನುತ್ತಲೇ ಇದ್ದೆ. ಎದುರುಮನೆಯ ಕಾಂಪೌಂಡಿಗೆ ಒಂದು ಗೇಣು ಇರುವಾಗ ಮುನಿರಾಜು ತಾನೇ ಬ್ರೇಕ್ ಹಾಕಿ ತಲೆ ಹೊರಗೆ ಚಾಚಿದ. "ಸಾಕು ಅನ್ಬೇಕು ಸಾರ್." 

ಲಾರಿ ಹೋಯಿತು. ಲೋಡಾಯಿತು ಎಂದು ಗೊತ್ತಾದ ಮೇಲೆ ಏಜೆಂಟರು ಯಾಕೆ ಫೋನು ಮಾಡುತ್ತಾರೆ? ಎರಡು ದಿನ ಮನೆ ಮತ್ತೆ ಮೊದಲಿನಂತಾಯಿತು. ಒಮ್ಮೆ ಫೋನು ಕೆಟ್ಟಿದೆಯೋ ಏನೋ ಎಂದು ಒರೆಸಿ ಕೂಡ ನೋಡಿದೆ.

ಮೂರನೆಯ ದಿನ ಬೆಳಿಗ್ಗೆ ಶೈಲಾ. "ಎಲ್ಲಾ ಬಂತು ದೊಡ್ಡಪ್ಪ. ಟಿಲ್ಲರ್ ಆಗ್ಲೇ ಹೊಲಕ್ಕೆ ಇಳೀತು. ಒಂದ್ನಿಮಿಷ ಇರಿ, ಇಡ್ಬೇಡಿ." ಬೇಸಿಗೆ ರಜಕ್ಕೆ ನಮ್ಮಲ್ಲಿಗೆ ಬರುತ್ತಿದ್ದ ಹುಡುಗಿ ಅವಳು, ಮನೆಯ ರೂಢಿಗಳೆಲ್ಲ ಗೊತ್ತು. ಫೋನಿನಲ್ಲಿ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಆಮೇಲೆ ಹಾರ್ನ್, ಎರಡು ಸಲ.

ನಾನು ಚಪ್ಪಲಿ ಮೆಟ್ಟಿಕೊಂಡು ಹೋಗಿ ಗೇಟು ತೆಗೆದೆ. ಎರಡೂ ಬಾಗಿಲನ್ನು, ಅಗಲಕ್ಕೆ, ಕಾರಿಗೆ ತೆಗೆಯುವ ಹಾಗೆ.

ಆ ಹೊತ್ತಿಗೆ ಸೊಪ್ಪಿನ ಗೌರಮ್ಮ ಬುಟ್ಟಿ ಹೊತ್ತು ಬರುತ್ತಿದ್ದಳು. ಜಯ ಹೋದ ಮೇಲೆ ಅವಳು ನಮ್ಮ ಮನೆ ದಾಟಿಕೊಂಡೇ ಹೋಗುತ್ತಿದ್ದವಳು. "ಯಾರಾದ್ರೂ ಬರ್ತಾವ್ರಾ ಸಾರ್?" ಎಂದು ಕೇಳಿದಳು. "ಗಾಡಿ ಬಂತಮ್ಮ" ಎಂದೆ. ಆಕೆ ಖಾಲಿ ಶೆಡ್ಡನ್ನೂ ನನ್ನ ಮುಖವನ್ನೂ ನೋಡಿದಳು. ಒಳಗೆ ಬಂದು, ಕಾರು ನಿಲ್ಲುತ್ತಿದ್ದ ನೆರಳಿನಲ್ಲಿ ಬುಟ್ಟಿ ಇಳಿಸಿ, "ದಂಟಿನ ಸೊಪ್ಪು ಎಳೇದಿದೆ, ತಗೊಳ್ಳಿ" ಎಂದಳು. ಹೊತ್ತು ಏರುವವರೆಗೂ ಕೂತಿದ್ದಳು. ಗೇಟು ತೆರೆದಿದ್ದರೆ ಕಾರಲ್ಲದೆ ಬೇರೆಯವರೂ ಒಳಗೆ ಬರಬಹುದು ಎಂಬುದು, ನಲವತ್ತು ವರ್ಷ ಅದೇ ಉದ್ಯೋಗದಲ್ಲಿದ್ದ ನನಗೆ ಹೊಳೆದದ್ದು ಅವತ್ತೇ.