ಬೆಟ್ಟದ ಮೇಲಿನ ಅಷ್ಟೂ ಕಂಪ್ಯೂಟರುಗಳು

ಇವತ್ತು ಬೆಳಗ್ಗೆ ಪಣಕಹಳ್ಳಿಯಲ್ಲಿ ಗೆಟ್ಟವಾಡಿ ಕಡೆಯ ಬಸ್ಸಿಗೆ ಕಾಯುತ್ತ ನಿಂತಿದ್ದಾಗ, ಪಕ್ಕದಲ್ಲಿ ಯಾರೋ ಹಳೆಯ ಮೊಪೆಡ್ಡೊಂದನ್ನು ತುಳಿದು ತುಳಿದು ಎಬ್ಬಿಸಿದರು. ಅದು ಕೆಮ್ಮಿತು, ಮುನಿಸಿಕೊಂಡಿತು, ಕೊನೆಗೆ ಒಂದು ಮೋಡದಷ್ಟು ನೀಲಿ ಹೊಗೆ ಬಿಟ್ಟು ಹೊರಟಿತು. ಪೆಟ್ರೋಲಿಗೆ ಎಣ್ಣೆ ಬೆರೆತು ಸುಟ್ಟ ಆ ವಾಸನೆ ನಿಮಗೆ ಹಿಡಿಸಲಿಕ್ಕಿಲ್ಲ. ನನಗಂತೂ ಅದು ಮೂಗಿಗೆ ಬಡಿದರೆ ಸಾಕು, ತಾಯಮ್ಮತ್ತೆಯ ಬೆನ್ನು ಕಣ್ಣಮುಂದೆ ಬರುತ್ತದೆ. ಒಂದು ಇಡೀ ಬೇಸಿಗೆ ಅವಳ ಅಂಥದೇ ಮೊಪೆಡ್ಡಿನಲ್ಲಿ ಕೂತು ನಾನು ಲೋಕವನ್ನು ನೋಡಿದ್ದೇ ಆ ಬೆನ್ನಿನ ಹಿಂದಿನಿಂದ. ಈಗ ಅತ್ತೆ ಬ್ಯಾಟರಿ ಗಾಡಿ ತಗೊಂಡಿದ್ದಾಳೆ. ಅದಕ್ಕೆ ಸದ್ದೂ ಇಲ್ಲ, ವಾಸನೆಯೂ ಇಲ್ಲ. ಅವಳು ಬಂದು ಹಿಂದೆ ನಿಂತರೂ ಗೊತ್ತಾಗುವುದಿಲ್ಲ.

ತಾಯಮ್ಮತ್ತೆ ನನ್ನ ಅಪ್ಪನ ತಂಗಿ. ತಲೆತಲಾಂತರದಿಂದ ಬೇರೆಯವರ ಹೊಲದಲ್ಲಿ ಕೂಲಿ ಮಾಡಿಕೊಂಡು ಬಂದ ನಮ್ಮ ಮನೆಯಲ್ಲಿ ಸರ್ಕಾರಿ ಕೆಲಸ ಹಿಡಿದ ಮೊದಲನೆಯವಳು. ಅಂಚೆ ಹಂಚುವವಳು, ತಮಿಳುನಾಡಿನ ಗಡಿಬೆಟ್ಟದ ಮೇಲೆ ಕನ್ನಡ ಆಡುವ ನಮ್ಮ ತಾಳವಾಡಿ ಸುತ್ತಿನ ಜನಕ್ಕೆ ‘ತಪಾಲ್ ತಾಯಮ್ಮ’. ಯಾರ ಮಗಳಿಗೆ ಯಾವ ಊರಿಂದ ಗಂಡು ಬಂತು, ಯಾರ ನಾಯಿ ಕಚ್ಚುತ್ತದೆ, ಯಾರದು ಬರೀ ಬೊಗಳುತ್ತದೆ ಎಂಬುದೆಲ್ಲ ಅವಳಿಗೆ ಬಾಯಿಪಾಠ.

ನಾನಾಗ ಕೊಯಮತ್ತೂರಿನ ಒಂದು ಕಂಪನಿಯಲ್ಲಿದ್ದೆ. ಕಂಪನಿ ಎಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ದೊಡ್ಡ ಗುತ್ತಿಗೆದಾರನ ಕೆಳಗೆ ಒಬ್ಬ ಸಣ್ಣ ಗುತ್ತಿಗೆದಾರ, ಅವನ ಕೆಳಗೆ ಇನ್ನೂ ಸಣ್ಣವರು ನಾವು. ಆದರೂ ಕೈಗೆ ಸಿಕ್ಕಿದ್ದು ಸರ್ಕಾರದ ಕೆಲಸ: ಜನ ತಮ್ಮ ತೆರಿಗೆ ವಿವರವನ್ನು ಕಂಪ್ಯೂಟರಿನಲ್ಲೇ ತುಂಬಿ ಕಳಿಸುವ ತಂತ್ರಾಂಶ. ಹಳೆಯದು ಒಂದೇ ಜಾತಿಯ ಕಂಪ್ಯೂಟರಿನಲ್ಲಿ, ಅಂದರೆ ವಿಂಡೋಸ್ ಇದ್ದರೆ ಮಾತ್ರ ತೆರೆದುಕೊಳ್ಳುತ್ತಿತ್ತು. ಹೊಸದು ಎಲ್ಲದರಲ್ಲೂ ತೆರೆದುಕೊಳ್ಳಬೇಕು ಎಂಬುದು ಇಲಾಖೆಯ ಆಸೆ. ಆ ಭಾಗ ನನ್ನ ಪಾಲಿಗೆ ಬಂತು. ಅಷ್ಟರಲ್ಲಿ ಕೊರೋನಾ ಬಂತು. ಆಫೀಸಿಗೆ ಬೀಗ ಬಿತ್ತು. ಪರೀಕ್ಷೆ ಮಾಡಲು ಇಟ್ಟಿದ್ದ ಬಗೆಬಗೆಯ ಕಂಪ್ಯೂಟರುಗಳು ಬೀಗದ ಆಚೆ ಉಳಿದವು. ನಾನು ಒಂದೇ ಒಂದು ಲ್ಯಾಪ್‌ಟಾಪ್ ಎದೆಗವಚಿಕೊಂಡು ಬೆಟ್ಟ ಹತ್ತಿ ಮನೆ ಸೇರಿದೆ.

ನಮ್ಮ ಮ್ಯಾನೇಜರು ಕೆಟ್ಟವರಲ್ಲ, ಸುಸ್ತಾದವರು. ಫೋನಿನಲ್ಲಿ ಹೇಳಿದರು: “ಎಲ್ಲರ ಹತ್ತಿರವೂ ವಿಂಡೋಸ್ ಇದೆಯಲ್ಲಮ್ಮ. ಉಳಿದ ನಾಲ್ಕು ಜನಕ್ಕೋಸ್ಕರ ಯಾಕೆ ಒದ್ದಾಡುತ್ತೀಯ? ಮುಂದಿನ ತಿಂಗಳು ಮೇಡಂ ನೋಡುತ್ತಾರೆ. ಅವತ್ತು ಯಾವುದು ಓಡುತ್ತದೋ ಅದು ಉಳಿಯುತ್ತದೆ, ಓಡದ್ದನ್ನು ಕೈಬಿಡೋಣ.”

ಮೇಡಂ ಎಂದರೆ ಇಲಾಖೆಯ ಅಧಿಕಾರಿ. ಒಮ್ಮೆ ಕೈಬಿಟ್ಟದ್ದನ್ನು ಸರ್ಕಾರ ಮತ್ತೆ ಎತ್ತಿಕೊಳ್ಳುವುದು ಎಷ್ಟು ಅಪರೂಪ ಅಂತ ನಿಮಗೇ ಗೊತ್ತು. ಆ ಸಂಜೆ ಹುಣಸೆಹಣ್ಣು ಬಿಡಿಸುತ್ತ ನಾನು ಗೊಣಗುತ್ತಿದ್ದೆ. ಅತ್ತೆ ಕೇಳಿದಳು:

“ನಿಂಗ ಬೇಕಾಗಿರದು ಯಾನ? ಬ್ಯಾರೆ ಬ್ಯಾರೆ ತರದ ಕಂಪ್ಯೂಟ್ರು ತಾನೆ?”

“ಹ್ಞೂ ಅತ್ತೆ.”

“ಅಷ್ಟಕ್ಕ ಇಂಗ ಮಕ ಮಾಡ್ಕಂಡಿದ್ದಿಯಾ? ಯಾರ್ ಮನೇಲಿ ಯಾವ್ದದ ಅಂತ ನನ್ನ ಕೇಳು. ನಾಳಕ ಗಾಡಿ ಅತ್ತಿ ಕುಂತ್ಕೊ, ತೋರುಸ್ತಿನಿ.”

ನಿರ್ಬಂಧ ಸ್ವಲ್ಪ ಸಡಿಲವಾಗಿದ್ದ ದಿನಗಳು ಅವು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ತಪಾಲು ಚೀಲಕ್ಕೂ ಅತ್ತೆಯ ಬೆನ್ನಿಗೂ ನಡುವೆ ಲ್ಯಾಪ್‌ಟಾಪ್ ಸಿಕ್ಕಿಸಿ ನಾನು ಕೂತೆ. ಮೊದಲು ತಾಳವಾಡಿಯ ಶಾಲೆ. ಅಲ್ಲಿಯ ಕಂಪ್ಯೂಟರುಗಳೆಲ್ಲ ಲಿನಕ್ಸ್ ಎಂಬ ಬಿಟ್ಟಿ ವ್ಯವಸ್ಥೆಯವು. ನನ್ನ ತಂತ್ರಾಂಶ ಅದರಲ್ಲಿ ತೆರೆದುಕೊಂಡಿತೇನೋ ಸರಿ, ಅಕ್ಷರಗಳು ರಾಗಿಕಾಳಿನಷ್ಟಾಗಿದ್ದವು. ಆಮೇಲೆ ಜೀರಹಳ್ಳಿಯ ಕಾಡಂಚಿನ ಆಸ್ಪತ್ರೆ. ಅಲ್ಲಿಯ ಸಿಸ್ಟರಮ್ಮನಿಗೆ ಯಾರೋ ದಾನ ಕೊಟ್ಟ ಬಿಳಿಯ ಮ್ಯಾಕ್ ಕಂಪ್ಯೂಟರ್ ಇತ್ತು. ಅದು ನನ್ನ ತಂತ್ರಾಂಶವನ್ನು ಹೊಸಿಲು ದಾಟಲೂ ಬಿಡಲಿಲ್ಲ. “ಪರವಾಗಿಲ್ಲಮ್ಮ, ಮೊದಲ ಸಲ ಬಂದ ರೋಗಿಗಳೂ ಹೀಗೇ ಬಾಗಿಲಲ್ಲೇ ನಿಲ್ಲುತ್ತಾರೆ” ಎಂದು ಸಿಸ್ಟರಮ್ಮ ನನಗೇ ಸಮಾಧಾನ ಹೇಳಿದರು.

ತರಕಾರಿ ವ್ಯಾಪಾರಿಯೊಬ್ಬರ ಮನೆಗೂ ಹೋದೆವು. ಅವರ ಹತ್ತಿರ ವಿಂಡೋಸಿನ ತೀರಾ ಹಳೆಯ ಅವತಾರವಿತ್ತು. ಅತ್ತೆ ವಿಷಯ ಹೇಳಿದ್ದೇ ತಡ, ಅವರ ಮುಖ ಬಿಳುಚಿಕೊಂಡಿತು. ತೆರಿಗೆಗೆ ನಮ್ಮಲ್ಲಿ ತಮಿಳಿನ ‘ವರಿ’ ಎಂದೇ ಅನ್ನುವುದು.

“ವರಿ ಆಪೀಸ್ನೋರಾ? ನಮ್ ಮನೇಲಿ ಕರೆಂಟೇ ಇಲ್ಲ ಕಣವ್ವ” ಅಂದರು. ಅವರ ತಲೆಯ ಮೇಲೆ ಫ್ಯಾನು ಗಿರ್ರನೆ ತಿರುಗುತ್ತಿತ್ತು. ಅತ್ತೆ ಫ್ಯಾನು ನೋಡಿದಳು, ನಾನೂ ನೋಡಿದೆ, ಕಡೆಗೆ ಅವರೂ ನೋಡಿದರು. ನಕ್ಕು ಒಳಗೆ ಕರೆದು ಕಾಫಿ ಕೊಟ್ಟರು.

ಇಂಜಿನಿಯರು ಬಂದಿದ್ದಾಳೆಂದು ಸುದ್ದಿಯಾಗಿ ಜನ ನನ್ನ ಮುಂದೆ ಮಿಕ್ಸಿ, ಟಿವಿ ರಿಮೋಟು, ಒಮ್ಮೆ ಕೈಗಡಿಯಾರವನ್ನೂ ತಂದಿಟ್ಟರು. ಒಂದನ್ನೂ ರಿಪೇರಿ ಮಾಡಲು ನನಗೆ ಬರಲಿಲ್ಲ. “ಓದ್ಸಿದ್ದು ದಂಡ” ಎಂದು ಅತ್ತೆ ನಿಟ್ಟುಸಿರು ಬಿಡುವಳು. ಆದರೆ ತಿದ್ದುತ್ತ, ಮತ್ತೆ ಹೋಗಿ ನೋಡುತ್ತ, ಮತ್ತೆ ತಿದ್ದುತ್ತ, ಕೊನೆಗೊಂದು ದಿನ ಅದು ಶಾಲೆಯಲ್ಲೂ ಆಸ್ಪತ್ರೆಯಲ್ಲೂ ವ್ಯಾಪಾರಿಯ ಮನೆಯಲ್ಲೂ ಲಕ್ಷಣವಾಗಿ ತೆರೆದುಕೊಂಡಿತು. ನಾನು ಗೆದ್ದೆನೆಂದುಕೊಂಡೆ. ಮನೆಗೆ ಜಿಲೇಬಿ ತಂದೆ.

“ಇನ್ನೊಂದ್ ಮನೆ ಉಳ್ಕಂಡದ” ಎಂದಳು ಅತ್ತೆ, ಜಿಲೇಬಿ ತಿನ್ನುತ್ತ. “ಗೆಟ್ಟವಾಡಿ ಶಿವಮಲ್ಲು ಮೇಷ್ಟ್ರುದು.”

ಶಿವಮಲ್ಲಪ್ಪ ಮೇಷ್ಟ್ರು ಆಗಿನ್ನೂ ಶಾಲೆಯಲ್ಲಿ ಚರಿತ್ರೆ ಹೇಳುತ್ತಿದ್ದರು. ಹುಟ್ಟಿನಿಂದ ಕಣ್ಣಿಲ್ಲ. ಅನುಕೂಲವಂತ ಶಿವಭಕ್ತರ ಮನೆತನ, ಗಂಟಲು ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು. ಅವರ ಕಂಪ್ಯೂಟರೂ ಲಿನಕ್ಸೇ. ಪರದೆಯ ಮೇಲೆ ಏನಿದೆಯೋ ಅದನ್ನು ಗಟ್ಟಿಯಾಗಿ ಓದಿ ಹೇಳುವ ಏರ್ಪಾಡು ಅದರಲ್ಲಿತ್ತು. ಕೇಳಿಸಿಕೊಂಡು ಅವರು ಕೀಲಿಗಳನ್ನು ಒತ್ತುತ್ತಿದ್ದರು. ನಾನು ಹೆಮ್ಮೆಯಿಂದ ನನ್ನ ತಂತ್ರಾಂಶ ಹಾಕಿಕೊಟ್ಟೆ. ತೆರೆಯಿತು. ಮೇಷ್ಟ್ರು ಒಂದು ಕೀಲಿ ಒತ್ತಿದರು.

“ಬಟನ್” ಎಂದಿತು ಕಂಪ್ಯೂಟರು.

ಇನ್ನೊಂದು ಒತ್ತಿದರು. “ಬಟನ್.” ಮತ್ತೊಂದು. “ಬಟನ್.”

ಯಾವ ಗುಂಡಿ, ಯಾತಕ್ಕೆ ಎಂದು ಅದು ಹೇಳುತ್ತಲೇ ಇರಲಿಲ್ಲ. ಸಂಬಳ ಬರೆಯುವ ಜಾಗ, ಕಳಿಸುವ ಗುಂಡಿ, ಎಲ್ಲದರ ಹೆಸರೂ ಚಿತ್ರದಂತೆ ಕಣ್ಣಿಗೆ ಕಾಣುತ್ತಿತ್ತೇ ಹೊರತು ಕಂಪ್ಯೂಟರಿಗೆ ಓದಲು ನಾನು ಏನೂ ಬರೆದಿರಲಿಲ್ಲ. ಮೇಷ್ಟ್ರು ಕೈ ತೆಗೆದರು.

“ನಿನ್ ಸಾಫ್ಟ್‌ವೇರು ಮೂಗ ಕಣವ್ವ” ಎಂದರು. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಕುರ್ಚಿಯನ್ನು ನನ್ನತ್ತ ತಿರುಗಿಸಿ ಹೇಳಿದರು: “ನಾ ವರ್ಸಾ ವರ್ಸಾ ಚಾಮರಾಜನಗರದ ಅಂಗ್ಡಿಗೋಗಿ ವರಿ ಬರುಸ್ತಿನಿ. ಅಂಗ್ಡಿಯವ ನನ್ ಕಾಗ್ದಾನ ಎಲ್ಲಾರ್ ಮುಂದ ಗಟ್ಟಿಯಾಗಿ ಓದ್ತಾನ. ವೋದ್ ವರ್ಸ, ವರಿ ಕಮ್ಮಿಯಾಗ್ಲಿ ಅಂತ ಕೊಟ್ಟಿದ್ದ ನನ್ನೆಡ್ತಿ ಆಸ್ಪತ್ರೆ ಖರ್ಚು ಓದ್ದ, ಯಾವ ಕಾಯಿಲಾ ಅಂತನೂ ಓದ್ದ. ನಾ ಮನೆಗ ಬರೊ ವೊತ್ಗ ಅವ್ಳಿಗೆ ಅಳ್ಳಿಯೋರೆಲ್ಲ ಬಂದು ‘ಅಯ್ಯೋ’ ಅಂತಿದ್ರು. ಅವ್ಳು ಯಾರ್ಗೂ ಯೋಳಿರ್ನಿಲ್ಲ. ಇವತ್ಗೂ ನನ್ ಮೇಲೆ ಮುನ್ಸು.”

ಒಳಗೆ ಪಾತ್ರೆ ಸದ್ದು ನಿಂತಿತು. ಅವರ ಹೆಂಡತಿ ಅಲ್ಲೇ ಬಾಗಿಲ ಹಿಂದೆ ಇದ್ದರು.

ಮರಳುವ ದಾರಿಯಲ್ಲಿ ಅತ್ತೆ ಜೋಳದ ಹೊಲಗಳ ನಡುವೆ ಒಮ್ಮೆ ಗಾಡಿ ನಿಲ್ಲಿಸಿ ತಿರುಗಿ ನೋಡಿ, “ಅದ್ಕ ಮಾತ್ ಕಲ್ಸಕ್ಕಾಯ್ತದಾ?” ಎಂದಳು. “ಆಗುತ್ತೆ” ಎಂದೆ. ಹೇಳುವಾಗ ನನಗೆ ನಂಬಿಕೆ ಇರಲಿಲ್ಲ.

ಕಲಿಸಲು ಕೂತೆ. ಒಂದೊಂದು ಗುಂಡಿಗೂ, ಒಂದೊಂದು ಖಾಲಿ ಜಾಗಕ್ಕೂ ಹೆಸರಿಟ್ಟೆ. ಹೆಸರಿಟ್ಟಷ್ಟಕ್ಕೇ ಮುಗಿಯಲಿಲ್ಲ. ತಪ್ಪು ಅಂಕಿ ಬರೆದರೆ ಅಲ್ಲೊಂದು ಕೆಂಪು ಗೆರೆ ಬೀಳುತ್ತಿತ್ತು. ಕೆಂಪು ಕಾಣದವರಿಗೆ ಅದನ್ನು ಮಾತಿನಲ್ಲಿ ಹೇಳಬೇಕಲ್ಲ. ತಿದ್ದಿದ್ದನ್ನೆಲ್ಲ ಒಯ್ದು ಮೇಷ್ಟ್ರ ಮುಂದಿಡುವುದು, ಅವರು “ಆಗ್ನಿಲ್ಲ, ವೋಗು” ಎನ್ನುವುದು. ಒಂದು ದಿನ ಹಾಗೆನ್ನದೆ ಕೊನೆಯವರೆಗೂ ಹೋದರು. “ಮ್ಯಾನೇಜರ್‌ಗೆ ಯೋಳು. ಮೇಡಂ ಇಲ್ಲೇ ನೋಡ್ಲಿ” ಎಂದರು. ಮೇಡಂ ಪರೀಕ್ಷಿಸಲಿರುವುದನ್ನು ಅವರಿಗೆ ನಾನೇ ಹೇಳಿಕೊಂಡಿದ್ದೆ.

ಪರೀಕ್ಷೆಯ ದಿನ ವಿಡಿಯೋ ಕರೆಯಲ್ಲಿ ಮೇಡಂ ಬಂದರು. ಗೆಟ್ಟವಾಡಿಯಲ್ಲಿ ಸಿಗ್ನಲ್ ಚೆನ್ನಾಗಿ ಸಿಗುವುದು ಗಡಿಯಾಚೆಯ ಕರ್ನಾಟಕದ ಟವರಿನಿಂದ. ಹಾಗಾಗಿ ತಮಿಳುನಾಡಿನ ಮೇಷ್ಟ್ರ ತೆರಿಗೆ ಕರ್ನಾಟಕ ಸುತ್ತಿ ಹೋಗಬೇಕಾಗಿತ್ತು. ಇಷ್ಟು ವರ್ಷ ತಪಾಲು ತಂದಾಗಲೂ ಒಳಗೆ ಕಾಲಿಡದೆ, ಅವತ್ತೂ ಜಗಲಿಯಲ್ಲೇ ನಿಂತಿದ್ದ ಅತ್ತೆಯನ್ನು ಮೇಷ್ಟ್ರು, “ತಾಯಮ್ಮ, ಒಳಕ ಬಾ, ಕುಂತ್ಕೊ” ಎಂದು ಕುರ್ಚಿ ಹಾಕಿಸಿ ಕೂರಿಸಿದರು. ಮೇಷ್ಟ್ರು ತುಂಬತೊಡಗಿದರು. ಕಂಪ್ಯೂಟರು ಪ್ರತಿಯೊಂದನ್ನೂ ಹೆಸರು ಹಿಡಿದು ಕೂಗುತ್ತಿತ್ತು.

ನಡುವೆ ಮೇಡಂ ತಮಿಳಿನಲ್ಲಿ ಕೇಳಿದರು: “ಪಕ್ಕದಲ್ಲಿ ಯಾರು ಕೂತು ಒತ್ತುತ್ತಿದ್ದಾರೆ?”

ಮೇಷ್ಟ್ರು ಎರಡೂ ಕೈಯನ್ನು ಕ್ಯಾಮೆರಾಕ್ಕೆ ಎತ್ತಿ ತೋರಿಸಿ, ತಮಿಳಿನಲ್ಲೇ ಉತ್ತರ ಕೊಟ್ಟರು: “ಈ ಕೈಗಳೇ ಅಮ್ಮ. ಬೇರೆ ಯಾರೂ ಇಲ್ಲ.”

ಕೊನೆಯ ಕೀಲಿ ಒತ್ತಿದರು. “ಸಬ್ಮಿಟೆಡ್” ಎಂದಿತು ಯಂತ್ರ. ಮೇಷ್ಟ್ರು ತೊಡೆ ತಟ್ಟಿದರು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಆ ಕಡೆ ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನಮ್ಮ ಮ್ಯಾನೇಜರಿಗೆ ಹೇಳಿದರು: “ಒಂದನ್ನೂ ಕೈಬಿಡಬೇಡಿ. ಎಲ್ಲದಕ್ಕೂ ಒಂದೇ ದಿನ ಬಿಡುಗಡೆ.” ಅಡುಗೆಮನೆಯಿಂದ ಮೇಷ್ಟ್ರ ಹೆಂಡತಿ ಬಂದು ನಮ್ಮೆಲ್ಲರ ಕೈಗೂ ಒಂದೊಂದು ಲೋಟ ಪಾಯಸ ಕೊಟ್ಟರು. ಗಂಡನಿಗೆ ಮಾತ್ರ ಎರಡು ಲೋಟ.

ಬಿಡುಗಡೆಯಾಯಿತು. ಶಾಲೆಯಲ್ಲಿ, ಜೀರಹಳ್ಳಿಯಲ್ಲಿ, ನಾನು ಹೆಸರೂ ಕೇಳದ ಊರುಗಳಲ್ಲಿ ಅದು ತೆರೆದುಕೊಂಡಿತು. ಮ್ಯಾನೇಜರು ಫೋನು ಮಾಡಿ, “ಆ ನಾಲ್ಕು ಜನ ಅಂದೆನಲ್ಲ, ಬಹಳ ಜನ ಇದ್ದಾರಮ್ಮ” ಎಂದರು.

ಇವತ್ತು ಬಸ್ಸು ನನ್ನನ್ನು ಗೆಟ್ಟವಾಡಿಯಲ್ಲಿ ಇಳಿಸಿದಾಗ ಬಿಸಿಲೇರಿತ್ತು. ಮೇಷ್ಟ್ರಿಗೀಗ ನಿವೃತ್ತಿ. ಸುತ್ತಮುತ್ತಲ ಮೇಷ್ಟ್ರುಗಳು, ನರ್ಸಮ್ಮಂದಿರೆಲ್ಲ ವಿವರ ತುಂಬಿಸಲು ಅವರ ಮನೆಗೇ ಬರುತ್ತಾರೆ. ಒಬ್ಬೊಬ್ಬರನ್ನೇ ಒಳಗೆ ಕರೆದು, ಬಾಗಿಲು ಮುಚ್ಚಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಾಡಿಕೊಡುತ್ತಾರೆ. ನನ್ನದನ್ನು ಪ್ರತಿ ವರ್ಷದಂತೆ ಮುಂದೂಡಿ ಮುಂದೂಡಿ ಕೊನೆಗೆ ನಾನೂ ಅಲ್ಲಿಗೇ ಬಂದಿದ್ದೆ.

ಮೇಷ್ಟ್ರು ಬಾಗಿಲು ಹಾಕಿದರು. ಪರದೆಯ ಗುಂಡಿ ತಡಕಿ ಆರಿಸಿ, ಕುರ್ಚಿಯನ್ನು ನನ್ನತ್ತ ತಳ್ಳಿದರು.

“ನೀನೇ ಮಾಡಿದ್ದು ತಾನೆ? ಮಾಡು, ನೋಡವ.”

ಕಪ್ಪು ಪರದೆಯ ಮುಂದೆ ಕೂತೆ. ಇಯರ್‌ಫೋನ್ ಸಿಕ್ಕಿಸಿಕೊಂಡೆ. ಮೊದಲು ದಾರಿ ತಪ್ಪಿದೆ. ದನಿ ನನ್ನನ್ನು ಹಿಡಿದು ನಿಲ್ಲಿಸಿ, ಎಲ್ಲಿ ತಪ್ಪಿದೆಯೆಂದು ಹೇಳಿತು. ತಿದ್ದಿಕೊಂಡೆ. ಹೆಸರು, ಸಂಬಳ, ಬ್ಯಾಂಕು, ಒಂದಾದ ಮೇಲೊಂದು ನನ್ನ ಕಿವಿಯಲ್ಲಿ, ನನಗೊಬ್ಬಳಿಗೇ ಕೇಳುವಂತೆ. ಕೊನೆಯ ಕೀಲಿ ಒತ್ತಿ ಉಸಿರು ಬಿಟ್ಟೆ.

“ಆಯ್ತಾ?” ಎಂದರು ಮೇಷ್ಟ್ರು.

“ಆಯ್ತು ಮೇಷ್ಟ್ರೆ!”

“ಅಂಗಾರ ಎದ್ದೇಳು. ಆಚ ಜನ ಕಾಯ್ತಾವ್ರ.”